ಇಪ್ಪತ್ತೇ ನಿಮಿಷಕ್ಕೆ ಮುಗಿದುಹೋಯ್ತಲ್ಲ!

ಪ್ರಶ್ನೆ: ಮೈಸೂರಿನ ಕಿರುರಂಗಮಂದಿರದಲ್ಲಿ ಈಗಿನವರು ಬರೆದ ಮೂರು ಕಿರುನಾಟಕ ನೋಡಿದೆ. ಒಂದೊಂದೂ 20 ನಿಮಿಷ. ‘ಇಷ್ಟೇನಾ?’ ಅನ್ನಿಸಿತು. ತಪ್ಪು ನನ್ನದಾ?
– ಓದುಗರೊಬ್ಬರು, ಸರಸ್ವತಿಪುರಂ

ಉತ್ತರ: ತಪ್ಪಲ್ಲ, ಅಭ್ಯಾಸ. ನಾನು ಮಂಡ್ಯ ಕಡೆಯವನು. ಅಲ್ಲಿ ಮೂಡಲಪಾಯ ಬಯಲಾಟ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಪಾತ್ರ ಬಂದ ಕೂಡಲೇ ಆಟ ನಡೆಸಿಕೊಡುವ ಸಾರಥಿ ‘ತಾವು ಯಾರು, ಯಾವ ಊರು?’ ಎಂದು ಕೇಳಿ ಎಲ್ಲ ಬಾಯಿಬಿಡಿಸುತ್ತಿದ್ದ. ಕಿರುನಾಟಕದಲ್ಲಿ ಸಾರಥಿ ಇಲ್ಲ. ಜಗಳದ ಮಧ್ಯದಲ್ಲೇ ಪರದೆ ತೆರೆಯುತ್ತದೆ. ಯಾರು, ಏನು ಅನ್ನೋದನ್ನು ನಾವೇ ಹೆಕ್ಕಿಕೊಳ್ಳಬೇಕು.

ನನಗೂ ಒಮ್ಮೆ ಪೆಟ್ಟು ಬಿದ್ದಿದೆ. ಅಣ್ಣತಮ್ಮ ಮನೆ ಪಾಲು ಮಾಡಿಕೊಳ್ಳುವ ನಾಟಕ. ರಂಗದ ಮೇಲೆ ಒಂದು ಬೆಂಚು, ಒಂದು ಎಲೆಅಡಿಕೆ ಚೀಲ, ಅಷ್ಟೇ. ಕೊನೆಗೆ ಜೋರುಬಾಯಿಯ ಅಣ್ಣ ಆ ಚೀಲ ಎತ್ತಿ ಸುಮ್ನೆ ಮೂಸಿ ನೋಡಿ, ತಮ್ಮನ ಮಡಿಲಿಗಿಟ್ಟ. ಚೀಲ ಅವ್ವನದು. ನಾನು ಆಗ ಮೊಬೈಲ್ ನೋಡುತ್ತಿದ್ದೆ! ಸ್ಕೂಟರಿನಲ್ಲಿ ಬರುವಾಗ ಹೆಂಡತಿ ಹೇಳಿದಳು. ಇಡೀ ನಾಟಕ ಅದೊಂದು ಗಳಿಗೆಯಲ್ಲೇ ಇತ್ತು, ಅಲ್ವಾ?

ಅದಕ್ಕೇ ಮುಂದಿನ ಸಾಲಿನಲ್ಲಿ ಕೂರಿ. ರಂಗದ ಮೇಲೆ ಏನಿಟ್ಟಿದ್ದಾರೆ ಎಂದು ಮೊದಲು ನೋಡಿ. ಮಾತು ನಿಂತಾಗ ಜಾಸ್ತಿ ಗಮನ ಕೊಡಿ. ಮೂರನ್ನೂ ಒಂದೇ ಉಸಿರಿಗೆ ನೋಡಿದರೆ ಕಲಸುಮೇಲೋಗರ ಆಗುತ್ತದೆ. ನಡುವೆ ಎದ್ದು ಒಂದು ಟೀ ಕುಡಿದು ಬನ್ನಿ. ಕೆಲವು ನಾಟಕ ನಿಜವಾಗಿಯೂ ಪೊಳ್ಳಾಗಿರುತ್ತವೆ, ಅದೂ ಉಂಟು.

1989ರಲ್ಲಿ ಬಿ.ವಿ. ಕಾರಂತರು ಶುರುಮಾಡಿದ ನಾಟಕ ಸಂಸ್ಥೆ ರಂಗಾಯಣ ನೀವು ಹೋಗಿದ್ದ ಕಿರುರಂಗಮಂದಿರದ ಆವರಣದಲ್ಲೇ ಇದೆ. ಮುಂದಿನ ಸಲ ಅದರ ರಂಗಮಂದಿರ ಭೂಮಿಗೀತದ ಕಡೆಗೂ ಒಂದು ಹೆಜ್ಜೆ ಹಾಕಿ.