ಓದುಗರ ಪ್ರಶ್ನೆ: ರಬ್ಬರ್ ಶೀಟಿಗೂ ಪಹಣಿ ಬೇಕೆ?

ಪ್ರಶ್ನೆ: ಕಾರ್ಕಳ ತಾಲೂಕಿನಲ್ಲಿ ನಮಗೆ 3 ಎಕರೆ ರಬ್ಬರ್ ತೋಟವಿದೆ, ಅದರಲ್ಲಿ ಒಂದು ಎಕರೆಯಷ್ಟು ಕುಮ್ಕಿ. ಯುರೋಪಿನ ಕಾನೂನು ಎಂದು ಹೇಳಿ ಶೀಟ್ ಕೊಳ್ಳುವ ವ್ಯಾಪಾರಿ ಈ ಸಲ ಪಹಣಿಯ ನಕಲನ್ನೂ ತೋಟದ ಅಕ್ಷಾಂಶ–ರೇಖಾಂಶವನ್ನೂ ಕೇಳಿದ್ದಾರೆ. ನಾವು ಯುರೋಪಿಗೆ ಏನನ್ನೂ ಕಳುಹಿಸುವವರಲ್ಲ. ಹಳೆಯ ಮರ ಕಡಿದು ಮರುನಾಟಿ ಮಾಡುವುದಕ್ಕೂ ಇದು ಅಡ್ಡಿಯಾದೀತೆ?

ಉತ್ತರ: ತಾವು ಕಳುಹಿಸದಿದ್ದರೂ ತಮ್ಮ ಶೀಟು ಟಯರಾಗಿ ಅಲ್ಲಿಗೆ ಹೋಗಬಹುದು, ವ್ಯಾಪಾರಿಯ ಚಿಂತೆ ಅದೇ. 27 ದೇಶಗಳ ಯುರೋಪಿಯನ್ ಒಕ್ಕೂಟವು 2019ರಲ್ಲಿ ಘೋಷಿಸಿದ ಹಸಿರು ನೀತಿಯ ಮುಂದುವರಿಕೆಯಾಗಿ 2023ರಲ್ಲಿ ಅರಣ್ಯನಾಶ ತಡೆಯ ನಿಯಮವನ್ನು ತಂದಿತು. ಜಾನುವಾರು, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ ಮತ್ತು ಮರ, ಈ ಏಳು ಸರಕುಗಳೂ ಇವುಗಳಿಂದಾದ ಹಲವು ಉತ್ಪನ್ನಗಳೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದವಾಗಿದ್ದರೆ ಒಕ್ಕೂಟದ ಮಾರುಕಟ್ಟೆಗೆ ಪ್ರವೇಶವಿಲ್ಲ. ಎರಡು ಬಾರಿ ಮುಂದೂಡಲ್ಪಟ್ಟ ಈ ನಿಯಮವು 2025ರ ಡಿಸೆಂಬರಿನ ತಿದ್ದುಪಡಿಯಂತೆ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ರಿಂದ ಅನ್ವಯವಾಗುತ್ತದೆ.

ಮರುನಾಟಿಗೆ ಅಡ್ಡಿಯಿಲ್ಲ. ರಬ್ಬರ್ ತೋಟವನ್ನು ಈ ನಿಯಮ ಕೃಷಿಭೂಮಿಯೆಂದೇ ಎಣಿಸುವುದರಿಂದ ಹಳೆಯ ರಬ್ಬರ್ ಕಡಿದು ಹೊಸ ರಬ್ಬರ್ ನೆಡುವುದು ಅರಣ್ಯನಾಶವಲ್ಲ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಗಿಂತ ಹೆಚ್ಚಿನ ತೋಟಕ್ಕೆ ಗಡಿಯ ಪೂರ್ಣ ನಕ್ಷೆ ಬೇಕು. ತಮ್ಮಂಥವರಿಗೆ ತೋಟದೊಳಗಿನ ಒಂದೇ ಬಿಂದುವಿನ ಅಕ್ಷಾಂಶ–ರೇಖಾಂಶ ಸಾಕು. ಆ ಬಿಂದುವನ್ನು ದಶಮಾಂಶದ ಆರು ಸ್ಥಾನಗಳವರೆಗೆ ಕೊಡಬೇಕಂತೆ. ಆರನೆಯ ಸ್ಥಾನವೆಂದರೆ ನೆಲದ ಮೇಲೆ ಅರ್ಧ ಗೇಣು. ನಮ್ಮ ಮೊಬೈಲುಗಳಾದರೋ ರಬ್ಬರ್ ಎಲೆಗಳ ನೆರಳಿನಲ್ಲಿ ಹಲವು ಮೀಟರುಗಳಷ್ಟು ತಪ್ಪುತ್ತವೆ. ತೋಟದ ನಡುವೆ ತುಸು ತೆರವಾದ ಜಾಗದಲ್ಲಿ ನಿಂತು ಗುರುತಿಸಿಕೊಂಡರೆ ಸಾಕು, ಅರ್ಧ ಗೇಣಿನ ಚಿಂತೆ ಬೇಡ.

ಕಷ್ಟವಿರುವುದು ಕುಮ್ಕಿಯಲ್ಲಿ. ಕಾಡು ಕಡಿದಿಲ್ಲ ಎನ್ನುವುದಷ್ಟೇ ಈ ನಿಯಮಕ್ಕೆ ಸಾಲದು. ಬೆಳೆದ ದೇಶದ ಭೂ ಕಾನೂನಿಗೂ ಬೆಳೆ ಒಪ್ಪಿರಬೇಕು. ಕುಮ್ಕಿಯೆಂಬುದು ಹಳೆಯ ವರ್ಗ ಜಮೀನಿಗೆ, ಅಂದರೆ ಸ್ವಂತ ಪಟ್ಟಾ ಜಮೀನಿಗೆ, ತಾಗಿದ ಸರ್ಕಾರಿ ಜಾಗ. ಸೊಪ್ಪು, ಸೌದೆ, ಮೇವಿಗಾಗಿ ಅದನ್ನು ಬಳಸುವ ಸವಲತ್ತನ್ನು 1964ರ ಕರ್ನಾಟಕ ಭೂಕಂದಾಯ ಕಾಯಿದೆ ಉಳಿಸಿಕೊಟ್ಟಿದೆಯೇ ಹೊರತು ಒಡೆತನವನ್ನು ಕೊಟ್ಟಿಲ್ಲ. ಅಜ್ಜನ ಕಾಲದಿಂದ ಅನುಭವಿಸಿಕೊಂಡು ಬಂದ ಜಾಗವೆಂದು ನಾವು ಹೇಳಿದರೂ ಪಹಣಿ ಹೇಳುವುದು ಸರ್ಕಾರದ ಹೆಸರನ್ನೇ. ಆ ಒಂದು ಎಕರೆಯ ರಬ್ಬರ್ ಹಾಲು ಉಳಿದೆರಡು ಎಕರೆಯದರೊಂದಿಗೆ ಒಂದೇ ತಟ್ಟೆಯಲ್ಲಿ ಹೆಪ್ಪಾದ ಮೇಲೆ ಬೇರ್ಪಡಿಸುವ ದಾರಿಯಿಲ್ಲ, ಹೀಗಾಗಿ ಅನುಮಾನ ಇಡೀ ಶೀಟಿಗೆ ತಗಲುತ್ತದೆ. ವರ್ಗ ಜಾಗದ ಶೀಟನ್ನು ಬೇರೆಯಾಗಿ ಹೊಗೆಗೂಡಿಗೆ ಹಾಕಿ, ಬೇರೆಯಾಗಿಯೇ ಲೆಕ್ಕ ಬರೆದಿಟ್ಟು ಮಾರುವುದು ಸದ್ಯಕ್ಕೆ ನಾನು ಹೇಳಬಹುದಾದ ದಾರಿ. ಕುಮ್ಕಿಯ ಶೀಟನ್ನು ದೇಶದೊಳಗೇ ಬಳಸುವವರು ಕೊಳ್ಳಬಹುದು. ನಮ್ಮ ದೇಶ ಬೆಳೆಯುವುದಕ್ಕಿಂತ ಹೆಚ್ಚು ರಬ್ಬರನ್ನು ಬಳಸುತ್ತದೆ.

2025ರ ಮೇ ತಿಂಗಳಲ್ಲಿ ಒಕ್ಕೂಟವು ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದೆ. ಇದರಿಂದ ಆಮದುದಾರರ ತಪಾಸಣೆ ಹಗುರವಾಯಿತು. ತೋಟದ ಗುರುತು ಕೊಡುವ ಕೆಲಸ ಮಾತ್ರ ತಮಗೆ ತಪ್ಪಿಲ್ಲ. ಶತಮಾನಗಳ ಹಿಂದೆಯೇ ತಮ್ಮ ಕಾಡುಗಳನ್ನು ಬಹುಮಟ್ಟಿಗೆ ಕಡಿದು ಮುಗಿಸಿದ ದೇಶಗಳು 2020ನ್ನು ಗೆರೆಯಾಗಿ ಎಳೆದು, ದಾಖಲೆಯ ಹೊರೆಯನ್ನು ಮೂರು ಎಕರೆಯವರ ತಲೆಗೆ ದಾಟಿಸಿದ್ದು ನ್ಯಾಯವೆಂದು ನನಗೆ ತೋರುವುದಿಲ್ಲ.

ಪ್ರಶ್ನೆ: ಮಂಗಳೂರಿನ ಗೇರುಬೀಜ ಕಾರ್ಖಾನೆಗಳಿಗೂ ಈ ನಿಯಮ ಬರುತ್ತದೆಯೆ? ಅಡಿಕೆಗೆ?

ಉತ್ತರ: ಎರಡೂ ಏಳರ ಪಟ್ಟಿಯಲ್ಲಿಲ್ಲ. ನವಮಂಗಳೂರು ಬಂದರಿನಿಂದ ಯುರೋಪಿಗೆ ಹಡಗೇರುವ ಕಾಫಿ ಮಾತ್ರ ಪಟ್ಟಿಯಲ್ಲಿದೆ.