ಮೊದಲ ದಿನವೇ ಎಲ್ಲ ಹೇಳಬೇಕಿಲ್ಲ

ಪ್ರಶ್ನೆ: ನನಗೆ 31 ವರ್ಷ. ಗಂಡನ ಹೊಡೆತ, ಬೈಗುಳ ತಾಳಲಾರದೆ ತವರಿಗೆ ಬಂದು ವರ್ಷವಾಯಿತು. ವಿಚ್ಛೇದನದ ಕೇಸ್ ನಡೆಯುತ್ತಿದೆ. ರಾತ್ರಿ ನಿದ್ದೆಯಿಲ್ಲ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಮೈ ನಡುಗುತ್ತದೆ. ಕೌನ್ಸೆಲಿಂಗ್‌ಗೆ ಹೋಗು ಎಂದು ತಂಗಿ ಒತ್ತಾಯಿಸುತ್ತಾಳೆ. ಎರಡು ಸಲ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಹೆಸರು ಕರೆಯುವ ಮೊದಲೇ ಎದ್ದು ಬಂದೆ. ಗುರುತಿಲ್ಲದವರ ಮುಂದೆ ಅದನ್ನೆಲ್ಲ ಹೇಗೆ ಹೇಳಲಿ? ‘ಇವಳಿಗೆ ಹುಚ್ಚು’ ಎಂದು ಗಂಡನ ಕಡೆಯವರು ಕೋರ್ಟಿನಲ್ಲಿ ಹೇಳಿದರೆ?
– ಹೆಸರು, ಊರು ಬೇಡ

ಉತ್ತರ: ಎದ್ದು ಬಂದದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬಾಯಿ ತೆರೆದಾಗಲೆಲ್ಲ ಏಟು ತಿಂದವರಿಗೆ ಮಾತಾಡುವುದೆಂದರೇ ಭಯ. ನೀವು ಆ ಮನೆ ಬಿಟ್ಟು ಬಂದಿದ್ದರೂ ನಿಮ್ಮ ಮೈಗೆ ಅದಿನ್ನೂ ನಂಬಿಕೆಯಾಗಿಲ್ಲ. ಸದ್ದಿಗೆ ನಡುಗುವುದು, ನಿದ್ದೆ ಬಾರದಿರುವುದು ಹಿಂಸೆ ಅನುಭವಿಸಿದ ಎಷ್ಟೋ ಜನರಲ್ಲಿ ಕಾಣುತ್ತದೆ. ಅದು ಹುಚ್ಚಲ್ಲ.

ಕೋರ್ಟಿನ ಮಾತು ಮೊದಲು ಮುಗಿಸೋಣ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ ಅಲ್ವಾ? ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಬ್ಬರನ್ನು ಬುದ್ಧಿ ಸ್ಥಿಮಿತವಿಲ್ಲದವರು ಎನ್ನುವಂತಿಲ್ಲ, ಹಾಗೆ ಘೋಷಿಸುವ ಅಧಿಕಾರ ಕೋರ್ಟಿಗೆ ಮಾತ್ರ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕು ಎನ್ನುತ್ತದೆ 23ನೇ ಸೆಕ್ಷನ್. ಜೀವಕ್ಕೆ ಅಪಾಯವಿದ್ದರೆ ಅಥವಾ ಕೋರ್ಟಿನಂಥ ಕಡೆಯಿಂದ ಆದೇಶ ಬಂದರೆ, ಹೀಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆ. ಹಾಗಾಗಿ ವಕೀಲರ ಕಿವಿಗೆ ಒಂದು ಮಾತು ಹಾಕಿಟ್ಟಿರಿ. ಚಿಕಿತ್ಸೆಯ ದಾಖಲೆ ನಿಮ್ಮ ಮೇಲಾದ ಹಿಂಸೆಗೆ ಸಾಕ್ಷಿಯಾಗಿ ನಿಮ್ಮ ಪರವೇ ನಿಲ್ಲಲೂಬಹುದು.

ಇನ್ನು ಹೇಳಿಕೊಳ್ಳುವ ವಿಷಯ. ಒಳಗೆ ಹೋದ ಕೂಡಲೇ ಎಲ್ಲವನ್ನೂ ಬಿಚ್ಚಿಡಬೇಕಿಲ್ಲ. ಕೆಲಸ ಗೊತ್ತಿರುವವರು ಗಾಯವನ್ನು ಅವಸರದಲ್ಲಿ ಕೆದಕುವುದಿಲ್ಲ. ನಿದ್ದೆ, ಊಟ ಹೇಗಿದೆ, ಈಗಿರುವ ಮನೆಯಲ್ಲಿ ಭಯವಿಲ್ಲ ತಾನೇ ಎಂದು ಕೇಳುತ್ತಾರೆ. ನಡುಕ ಶುರುವಾದಾಗ ಅಂಗಾಲನ್ನು ನೆಲಕ್ಕೆ ಒತ್ತಿ, ಉಸಿರನ್ನು ನಿಧಾನಕ್ಕೆ ಬಿಡುತ್ತ, ಕಣ್ಣೆದುರಿಗಿನ ಐದು ವಸ್ತುಗಳನ್ನು ಹೆಸರಿಸುವಂಥ ಅಭ್ಯಾಸ ಹೇಳಿಕೊಡುತ್ತಾರೆ. ಹಳೆಯ ಮಾತು ಆಮೇಲೆ, ನಿಮಗೆ ಸರಿ ಅನ್ನಿಸಿದಾಗ. ‘ಇವತ್ತಿಗೆ ಸಾಕು’ ಎಂದು ನೀವು ಯಾವಾಗ ಬೇಕಾದರೂ ಹೇಳಬಹುದು. ಬಾಯಿ ಬಾರದಿದ್ದರೆ ನಾಲ್ಕು ಸಾಲು ಬರೆದುಕೊಂಡು ಹೋಗಿ ಕೈಗೆ ಕೊಡಿ. ಮಹಿಳೆಯೇ ಬೇಕಿದ್ದರೆ ಚೀಟಿ ಮಾಡಿಸುವಾಗಲೇ ಕೇಳಿ.

ಆದರೆ ‘ಹೆಂಗಸು ಸ್ವಲ್ಪ ಹೊಂದಿಕೊಂಡು ಹೋಗಬೇಕು’ ಎನ್ನುವವರು ಸಿಕ್ಕರೆ ಮತ್ತೆ ಅಲ್ಲಿಗೆ ಹೋಗಬೇಡಿ. ಅಂಥವರೂ ಇದ್ದಾರೆ, ನನಗೆ ಸಿಟ್ಟು ಬರುವುದು ಅದಕ್ಕೇ. ತಪ್ಪು ಅವರದು. ಬೇರೆಯವರನ್ನು ಹುಡುಕಿ. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು) ಆದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಆಗಿದೆಯೇ ಎಂದು ಧೈರ್ಯವಾಗಿ ಕೇಳಿ.

ಎದುರು ಕೂರುವುದು ಈಗಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸುಮ್ನೆ ‘ಕೌನ್ಸೆಲಿಂಗ್‌ಗೆ ಹೋಗಲು ಭಯವಾಗುತ್ತದೆ’ ಎಂದು ಶುರು ಮಾಡಿ. ಗಂಡನ ಕಡೆಯವರು ಬಂದು ಬೆದರಿಸಿದರೆ ಮಾತ್ರ ತಡಮಾಡದೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಮುಂದಿನ ಸಲ ತಂಗಿಯನ್ನೂ ಕರೆದುಕೊಂಡು ಹೋಗಿ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತೇನೆ, ಮೊದಲ ಹತ್ತು ನಿಮಿಷ ತಂಗಿಯೂ ಒಳಗಿರಲಿ ಎಂದು ಕೇಳಿಕೊಳ್ಳಿ.