ಸಿಪ್ಯಾಪ್ ಮಾಸ್ಕ್ ಹಾಕಿಕೊಂಡು ಮಲಗುವವರು ಉದ್ದ ಕೂದಲನ್ನು ಕಾಪಾಡಿಕೊಳ್ಳುವುದು ಹೇಗೆ?

ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಇದೆಯೆಂದು ಗೊತ್ತಾಗಿ ಐದು ತಿಂಗಳಿಂದ, ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಬಳಸುತ್ತಿದ್ದೀರಿ, ಸೊಂಟ ದಾಟುವ ಕೂದಲಿದೆ, ಮಾಸ್ಕಿನ ಪಟ್ಟಿ ಒತ್ತುವ ಜಾಗಗಳಲ್ಲಿ ಅದು ತುಂಡುತುಂಡಾಗುತ್ತಿದೆ, ಮನೆಯವರು ಕತ್ತರಿಸಿಬಿಡು ಎನ್ನುತ್ತಿದ್ದಾರೆ, ನಿಮಗೋ ಯಂತ್ರವನ್ನೇ ಸ್ವಲ್ಪ ದಿನ ಬದಿಗಿಡೋಣ ಎನಿಸುತ್ತಿದೆ ಎಂದು ಬರೆದಿದ್ದೀರಿ. ದಯವಿಟ್ಟು ಯಂತ್ರವನ್ನು ಒಂದು ರಾತ್ರಿಯೂ ಬಿಡಬೇಡಿ. ಕೂದಲನ್ನು ಕತ್ತರಿಸುವ ಅಗತ್ಯವೂ ಇಲ್ಲ. ನಾಲ್ಕು ವರ್ಷಗಳಿಂದ ನಾನೂ ಇದೇ ಯಂತ್ರದೊಂದಿಗೆ ಮಲಗುತ್ತಿದ್ದೇನೆ, ನನ್ನ ಜಡೆಯೂ ಸೊಂಟದವರೆಗಿದೆ. ಕೂದಲಿಗೆ ಪೆಟ್ಟು ಕೊಡುವುದು ಮಾಸ್ಕ್ ಅಲ್ಲ, ಪಟ್ಟಿಯ ಬಿಗಿ ಎಂಬುದು ನನಗೆ ಅರ್ಥವಾಗಲು ಮೊದಲ ಮೂರು ತಿಂಗಳು ಬೇಕಾದವು.

ನಿದ್ರೆಯ ಪರೀಕ್ಷೆಯಲ್ಲಿ ನನಗೆ ಗಂಟೆಗೆ 38 ಸಲ ಉಸಿರು ಕಟ್ಟುತ್ತಿತ್ತು ಅಥವಾ ಕ್ಷೀಣಿಸುತ್ತಿತ್ತು ಎಂದು ತಿಳಿಯಿತು. ಆ ಸಂಖ್ಯೆ 30 ದಾಟಿದರೆ ತೀವ್ರ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಯಂತ್ರವನ್ನು ಮನೆಗೆ ತಂದು ಜೋಡಿಸಿಕೊಟ್ಟವರು, ಗಾಳಿ ಸೋರಿದರೆ ಪಟ್ಟಿಯನ್ನು ಇನ್ನಷ್ಟು ಎಳೆದು ಬಿಗಿ ಮಾಡಿಕೊಳ್ಳಿ ಎಂದಷ್ಟೇ ಹೇಳಿ ಹೋದರು. ನಾನು ಹಾಗೆಯೇ ಮಾಡಿದೆ. ಪ್ರತಿ ವಾರ ಸ್ವಲ್ಪ ಸ್ವಲ್ಪವೇ ಬಿಗಿಯಾಯಿತು. ಒಂದು ಭಾನುವಾರ ಮಗಳು ನನಗೆ ಜಡೆ ಹಾಕುತ್ತಿದ್ದವಳು ಕೈ ನಿಲ್ಲಿಸಿ, "ಅಮ್ಮಾ, ಇಲ್ಲಿ ಕಿವಿಯ ಹಿಂದೆ ಖಾಲಿ ಖಾಲಿ ಕಾಣುತ್ತಿದೆ" ಎಂದಳು. ಎರಡು ಕನ್ನಡಿ ಹಿಡಿದು ನೋಡಿದೆ. ಬಲಗಿವಿಯ ಮೇಲಿನಿಂದ ಹೆಡತಲೆಯ ಕಡೆಗೆ, ಹೆಬ್ಬೆರಳಿನ ಅಗಲದ ಒಂದು ದಾರಿಯೇ ಆಗಿತ್ತು. ಅಲ್ಲಿನ ಕೂದಲು ಬುಡದಿಂದ ಹೋಗಿರಲಿಲ್ಲ. ಅರ್ಧ ಅಂಗುಲದಷ್ಟು ಉಳಿದು, ಕೊಯ್ದ ಗದ್ದೆಯ ಕೂಳೆಯಂತೆ ನೆಟ್ಟಗೆ ನಿಂತಿತ್ತು. ಪಟ್ಟಿಯ ತುದಿಯ ವೆಲ್ಕ್ರೋ ಬಿಚ್ಚಿ ನೋಡಿದರೆ ಅದರ ಹಲ್ಲುಗಳ ಸಂದಿಯಲ್ಲಿ ನನ್ನದೇ ಕೂದಲು ಉಂಡೆಯಾಗಿ ಕೂತಿತ್ತು.

ನಾನು ಅಷ್ಟು ಬಿಗಿಯುವ ಅಗತ್ಯವೇ ಇರಲಿಲ್ಲ. ಮಾಸ್ಕಿನ ಸಿಲಿಕೋನ್ ಕುಷನ್ ಒತ್ತಿ ಹಿಡಿಯುವುದರಿಂದ ಮುಖಕ್ಕೆ ಕೂರುವುದಿಲ್ಲ. ಒಳಗಿನ ಗಾಳಿಯ ಒತ್ತಡಕ್ಕೆ ಅದರ ತೆಳುವಾದ ಅಂಚು ಉಬ್ಬಿ ಚರ್ಮಕ್ಕೆ ಹೊಂದಿಕೊಳ್ಳುತ್ತದೆ. ಬಿಗಿದಷ್ಟೂ ಆ ಅಂಚು ಮಡಿಸಿಹೋಗಿ ಸೋರಿಕೆ ಹೆಚ್ಚುತ್ತದೆ, ಹೆಚ್ಚಿತೆಂದು ನಾವು ಮತ್ತೆ ಬಿಗಿಯುತ್ತೇವೆ. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಆರಂಭಿಸಿದ ಕಾಲದಲ್ಲಿ ಮಾಸ್ಕನ್ನು ರೋಗಿಯ ಮೂಗಿಗೆ ಸಿಲಿಕೋನ್ ಅಂಟಿನಿಂದಲೇ ಅಂಟಿಸುತ್ತಿದ್ದರಂತೆ. ಅದನ್ನು ಓದಿದ ಮೇಲೆ ನನಗೆ ಸಮಾಧಾನವಾಯಿತು: ಚಿಕಿತ್ಸೆ ಮಾಡುವುದು ಗಾಳಿ, ಪಟ್ಟಿಯ ಕೆಲಸ ಮಾಸ್ಕ್ ಜಾರದಂತೆ ಹಿಡಿದುಕೊಳ್ಳುವುದಷ್ಟೇ.

ಆದ್ದರಿಂದ ಮೊದಲು ಪಟ್ಟಿಯನ್ನು ಸರಿಪಡಿಸಿ. ಕನ್ನಡಿಯ ಮುಂದೆ ನಿಂತು ಅಳತೆ ಹಿಡಿಯಬೇಡಿ, ಏಕೆಂದರೆ ಮಲಗಿದಾಗ ಕೆನ್ನೆಯ ಮಾಂಸ ಬೇರೆ ರೀತಿಯಲ್ಲಿ ಇಳಿಯುತ್ತದೆ. ಹಾಸಿಗೆಯಲ್ಲಿ ನೀವು ಮಲಗುವ ಭಂಗಿಯಲ್ಲಿಯೇ ಮಲಗಿ, ಯಂತ್ರವನ್ನು ಚಾಲೂ ಮಾಡಿ, ಎಲ್ಲ ಪಟ್ಟಿಗಳನ್ನೂ ಪೂರ್ತಿ ಸಡಿಲಿಸಿ, ಮಾಸ್ಕನ್ನು ಒಮ್ಮೆ ಮುಖದಿಂದ ತುಸು ಎತ್ತಿ ಕುಷನ್ ಉಬ್ಬಿದ ಮೇಲೆ ಮೆಲ್ಲಗೆ ಕೂರಿಸಿ, ಆಮೇಲೆ ಎಡಬಲ ಎರಡನ್ನೂ ಒಂದೇ ಪ್ರಮಾಣದಲ್ಲಿ ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆಯಿರಿ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಅಷ್ಟು ಸಡಿಲದಲ್ಲಿ ಸೋರುತ್ತಿದ್ದರೆ ತಪ್ಪು ಪಟ್ಟಿಯದಲ್ಲ. ಕುಷನ್ ಹಳತಾಗಿ ಮೆತ್ತಗಾಗಿರಬಹುದು, ಅಳತೆ ತಪ್ಪಿರಬಹುದು, ಇಲ್ಲವೇ ಮುಖದಲ್ಲಿ ಎಣ್ಣೆಯ ಜಿಡ್ಡಿರಬಹುದು. ನನ್ನ ವಿಷಯದಲ್ಲಿ ಎಣ್ಣೆಯೇ ಕಾರಣವಾಗಿತ್ತು. ಯಂತ್ರದ ಪರದೆಯಲ್ಲಿ ಸೋರಿಕೆಯ ಅಂಕಿ ಬೆಳಿಗ್ಗೆ ಕಾಣಿಸುತ್ತದೆ. ನನ್ನ ಯಂತ್ರದಲ್ಲಿ ಅದು ನಿಮಿಷಕ್ಕೆ 24 ಲೀಟರಿನೊಳಗೆ ಇರಬೇಕು. ಪಟ್ಟಿ ಸಡಿಲಿಸಿದ ಮೇಲೆ ನನಗೆ ಅದು ಹೆಚ್ಚುವ ಬದಲು ಕಡಿಮೆಯಾಯಿತು.

ಕೂದಲು ತುಂಡಾಗುವ ಎರಡನೆಯ ಕ್ಷಣ ಮಾಸ್ಕನ್ನು ಹಾಕುವ ಮತ್ತು ತೆಗೆಯುವ ಕ್ಷಣ. ಟೋಪಿಯಂತೆ ತಲೆಯ ಮೇಲಿನಿಂದ ಎಳೆದು ಹಾಕಿದರೆ ಪಟ್ಟಿ ಕೂದಲನ್ನು ಉಜ್ಜುತ್ತಾ ಹೋಗುತ್ತದೆ. ಕೆಳಗಿನ ಪಟ್ಟಿಯ ಕೊಂಡಿ ಬಿಚ್ಚಿ, ಮೊದಲು ಮಾಸ್ಕನ್ನು ಮೂಗಿಗೆ ಹಿಡಿದು, ಪಟ್ಟಿಯ ಜಾಲವನ್ನು ತಲೆಯಿಂದ ಸ್ವಲ್ಪ ಮೇಲೆತ್ತಿ ಹಿಂದಕ್ಕೆ ಒಯ್ದು ಇಳಿಸಿ, ಆಮೇಲೆ ಕೊಂಡಿ ಸಿಕ್ಕಿಸಿ. ತೆಗೆಯುವಾಗಲೂ ಕೊಂಡಿಯನ್ನೇ ಬಿಚ್ಚಬೇಕು. ವೆಲ್ಕ್ರೋವನ್ನು ಅಳತೆಗೆ ಒಮ್ಮೆ ಅಂಟಿಸಿದ ಮೇಲೆ ಪ್ರತಿದಿನ ಮುಟ್ಟುವ ಅಗತ್ಯವಿಲ್ಲ. ಅದರ ಹಲ್ಲಿನ ಭಾಗ ಒಂದಿಷ್ಟೂ ಹೊರಗೆ ಕಾಣದಂತೆ ಪೂರ್ತಿ ಮುಚ್ಚಿರಬೇಕು.

ಇನ್ನು ಜಡೆಯ ವಿಷಯ. ಮಲಗುವ ಮುನ್ನ ಹಿಂದಲೆಗೆ ತುರುಬು ಕಟ್ಟುವುದು ನಮ್ಮಲ್ಲಿ ಅನೇಕರ ಅಭ್ಯಾಸ, ನನ್ನದೂ ಅದೇ ಆಗಿತ್ತು. ಮಾಸ್ಕ್ ಇದ್ದಾಗ ಅದು ಸಲ್ಲದು. ತುರುಬು ಹಿಂದಿನ ಪಟ್ಟಿಯನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ, ಅಂಗಾತ ಮಲಗಿದರೆ ತಲೆಯನ್ನು ಎತ್ತರಿಸಿ ಮಾಸ್ಕಿನ ಕೋನವನ್ನೇ ಬದಲಿಸುತ್ತದೆ, ತುರುಬಿನ ಬುಡದಲ್ಲಿ ರಾತ್ರಿಯಿಡೀ ಜಗ್ಗಾಟ ನಡೆಯುತ್ತದೆ. ಕೂದಲನ್ನು ಎಲ್ಲಿ ಕಟ್ಟಬೇಕೆಂಬುದು ನಿಮ್ಮ ಮಾಸ್ಕಿನ ಪೈಪು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಅವಲಂಬಿಸಿದೆ. ಪೈಪು ಮೂಗಿನ ಮುಂದಿನಿಂದ ಹೊರಡುವ, ನಾಲ್ಕು ಪಟ್ಟಿಯ ಮಾಸ್ಕ್ ಆಗಿದ್ದರೆ ನೆತ್ತಿ ಬಹುಮಟ್ಟಿಗೆ ಖಾಲಿ ಇರುತ್ತದೆ. ಅಂಥವರು ಕೂದಲನ್ನೆಲ್ಲ ನೆತ್ತಿಗೆ ಎತ್ತಿ, ಮೇಲಿನ ಪಟ್ಟಿ ಮತ್ತು ಹಿಂದಿನ ಪಟ್ಟಿಯ ನಡುವಿನ ಸಂದಿಯಿಂದ ಹೊರತೆಗೆದು, ಸಡಿಲವಾದ ಒಂದು ಜಡೆ ಹಾಕಿ ದಿಂಬಿನ ಮೇಲ್ಗಡೆಗೆ ಬಿಟ್ಟುಕೊಳ್ಳಬಹುದು. ಪೈಪು ನೆತ್ತಿಯಿಂದಲೇ ಹೊರಡುವ ಮಾಸ್ಕ್ ಆಗಿದ್ದರೆ ನೆತ್ತಿಯನ್ನು ಅದಕ್ಕೆ ಬಿಟ್ಟುಕೊಡಬೇಕಾಗುತ್ತದೆ. ಆಗ ಶಾಲೆಗೆ ಹೋಗುವ ಹುಡುಗಿಯರಂತೆ ನಡುಬೈತಲೆ ತೆಗೆದು ಎರಡು ಜಡೆ ಹಾಕಿ, ಹಿಂದಿನ ಪಟ್ಟಿಯ ಕೆಳಗಿನಿಂದ ಎರಡನ್ನೂ ಎದೆಯ ಮೇಲೆ ಇಳಿಬಿಡುವುದು ಒಳ್ಳೆಯದು. ನಾನು ಈಗ ಮಲಗುವುದು ಹೀಗೆಯೇ.

ಜಡೆಯ ಮೊದಲ ನಾಲ್ಕು ಹೆಣಿಗೆಗಳನ್ನು ಸಡಿಲವಾಗಿ ಹಾಕಿ, ಏಕೆಂದರೆ ಪಟ್ಟಿ ಬುಡವನ್ನು ಒಂದು ಕಡೆಗೆ ಒತ್ತುವಾಗ ಜಡೆಯೂ ಇನ್ನೊಂದು ಕಡೆಗೆ ಎಳೆದರೆ ಬುಡಕ್ಕೆ ಎರಡು ಪಟ್ಟು ನೋವು. ತುದಿಗೆ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ ಬ್ಯಾಂಡ್ ಅಥವಾ ಹಳೆಯ ಕಾಲದ ಟೇಪು ಸಾಕು. ಪಟ್ಟಿಯ ಕೆಳಗೆ ಪಿನ್ನು, ಕ್ಲಿಪ್ಪು ಯಾವುದೂ ಇರಬಾರದು. ಪ್ರತಿ ರಾತ್ರಿ ಒಂದೇ ಜಾಗದಲ್ಲಿ ಬೈತಲೆ ತೆಗೆಯದೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಪಕ್ಕಕ್ಕೆ ಸರಿಸಿ. ಒದ್ದೆ ಕೂದಲಿಗೆ ಮಾತ್ರ ಎಂದೂ ಮಾಸ್ಕ್ ಹಾಕಬೇಡಿ. ನೀರು ಹೀರಿದ ಕೂದಲು ಹೆಚ್ಚು ಜಗ್ಗುತ್ತದೆ, ಒಣಕೂದಲಿಗಿಂತ ಬೇಗ ತುಂಡಾಗುತ್ತದೆ. ಸಂಜೆ ತಲೆಸ್ನಾನ ಮಾಡುತ್ತಿದ್ದ ನಾನು ಅದನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಂಡೆ. ಅಷ್ಟು ಉದ್ದದ ಕೂದಲು ಮಳೆಗಾಲದಲ್ಲಿ ಐದಾರು ಗಂಟೆಯಾದರೂ ಬುಡದಲ್ಲಿ ಪೂರ್ತಿ ಆರಿರುವುದಿಲ್ಲ ಎಂಬುದು ನಿಮಗೂ ಗೊತ್ತಿರುತ್ತದೆ.

ಸ್ಯಾಟಿನ್ ಟೋಪಿ ಹಾಕಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಹಾಕಿಕೊಳ್ಳಬಹುದು, ಆದರೆ ಅದೊಂದೇ ಪರಿಹಾರವಲ್ಲ. ಟೋಪಿಯ ಮೇಲೆ ಪಟ್ಟಿ ಹಾಕಿದರೆ ಸ್ಯಾಟಿನ್ನಿನ ನುಣುಪಿಗೆ ಪಟ್ಟಿ ನಡುರಾತ್ರಿಯ ಹೊತ್ತಿಗೆ ಮೇಲಕ್ಕೆ ಜಾರಿರುತ್ತದೆ. ಪಟ್ಟಿಯ ಮೇಲೆ ಟೋಪಿ ಹಾಕಿದರೆ ದಿಂಬಿನ ಉಜ್ಜಾಟ ತಪ್ಪುತ್ತದೆಯೇ ಹೊರತು ಪಟ್ಟಿಯ ಉಜ್ಜಾಟ ತಪ್ಪುವುದಿಲ್ಲ. ನಾನು ಎರಡನ್ನೂ ಪ್ರಯತ್ನಿಸಿ ಬಿಟ್ಟು, ಪಟ್ಟಿಗೇ ಬಟ್ಟೆ ತೊಡಿಸಿದೆ. ಅತ್ತೆಯವರ ಹಳೆಯ ಮೈಸೂರು ರೇಷ್ಮೆ ಸೀರೆಯೊಂದು ಮಡಿಕೆಗಳಲ್ಲಿ ಸೀಳಿ ಉಡಲಾಗದ ಸ್ಥಿತಿಯಲ್ಲಿತ್ತು. ಅವರನ್ನು ಕೇಳಿ, ಜರಿ ಇಲ್ಲದ ಒಡಲ ಭಾಗದಿಂದ ನಾಲ್ಕು ಬೆರಳು ಅಗಲದ ತುಂಡುಗಳನ್ನು ಕತ್ತರಿಸಿ, ಉದ್ದಕ್ಕೆ ಮಡಿಸಿ ಕೊಳವೆಯಂತೆ ಹೊಲಿದು, ಪಟ್ಟಿಯ ತುದಿಯನ್ನು ಕೊಂಡಿಯಿಂದ ಬಿಡಿಸಿ ಒಳಗೆ ತೂರಿಸಿದೆ. ಹೊಲಿಗೆಯ ಗೆರೆ ಹೊರಮೈಗೆ ಬರಬೇಕು, ತಲೆಯ ಕಡೆಗೆ ಬಂದರೆ ಅದೇ ಉಜ್ಜುತ್ತದೆ. ಮೈಸೂರು ರೇಷ್ಮೆ ಕ್ರೇಪ್ ನೇಯ್ಗೆಯದು. ಅದರ ನೂಲನ್ನು ಬಹಳ ಹುರಿ ಮಾಡಿರುವುದರಿಂದ ಮೇಲ್ಮೈಯಲ್ಲಿ ಕಾಣದಷ್ಟು ಸಣ್ಣ ತರಿ ಇರುತ್ತದೆ. ಅದು ಸ್ಯಾಟಿನ್ನಿನಂತೆ ಜಾರದು, ಹತ್ತಿಯಂತೆ ಕೂದಲನ್ನು ಹಿಡಿದೂ ಎಳೆಯದು. ಹಳೆಯ ರೇಷ್ಮೆ ಸಿಗದಿದ್ದರೆ ಮ್ಯಾಚಿಂಗ್ ಸೆಂಟರಿನಲ್ಲಿ ಲಂಗಕ್ಕೆಂದು ಮಾರುವ ಸ್ಯಾಟಿನ್ ಬಟ್ಟೆ ಅರ್ಧ ಮೀಟರ್ ತೆಗೆದುಕೊಳ್ಳಿ; ಅದರಿಂದ ಪಟ್ಟಿಯ ಹೊದಿಕೆಯೂ ಒಂದು ದಿಂಬಿನ ಕವರೂ ಆಗುತ್ತವೆ. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು: ಮಾಸ್ಕಿನ ಮುಂಭಾಗದಲ್ಲಿ ಅಥವಾ ಪೈಪಿನ ತಿರುವಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ನಾವು ಬಿಟ್ಟ ಉಸಿರು ಹೊರಹೋಗುವುದು ಅಲ್ಲಿಂದ. ಟೋಪಿ, ಬಟ್ಟೆ, ಜಡೆ ಯಾವುದೂ ಆ ರಂಧ್ರಗಳನ್ನು ಮುಚ್ಚಬಾರದು.

ಪೈಪು ಜಡೆಗೆ ಸುತ್ತಿಕೊಳ್ಳುವುದನ್ನು ತಪ್ಪಿಸಲು ಮಂಚದ ತಲೆಭಾಗದ ಗೋಡೆಗೆ ಒಂದು ಕೊಕ್ಕೆ ಹೊಡೆಸಿ, ಪೈಪನ್ನು ಅದರ ಮೇಲಿನಿಂದ ಇಳಿಬಿಡಿ. ಹೊರಳಿದಾಗ ಪೈಪು ತಲೆಯ ಮೇಲೆಯೇ ತಿರುಗುತ್ತದೆ, ಮಾಸ್ಕನ್ನು ಪಕ್ಕಕ್ಕೆ ಎಳೆಯುವುದಿಲ್ಲ.

ಎಣ್ಣೆಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ, ಬಿಡಬೇಕಾಗಿಯೂ ಬರಲಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿಯುವ ಗುಣದ್ದು, ತಲೆಸ್ನಾನಕ್ಕೆ ಮುಂಚೆ ಹಚ್ಚಿದರೆ ಕೂದಲಿಗೆ ಒಳ್ಳೆಯದೇ. ಆದರೆ ರಾತ್ರಿ ಹಚ್ಚಿ ಮಲಗಿದರೆ ಅದು ಹಣೆಗೆ ಇಳಿದು ಕುಷನ್ ಜಾರುತ್ತದೆ, ಪಟ್ಟಿಯ ಬಟ್ಟೆಯೂ ಎಣ್ಣೆ ಕುಡಿದು ಬೆವರಿನೊಂದಿಗೆ ಸೇರಿ ಗಡುಸಾಗುತ್ತದೆ, ಆ ಗಡುಸು ಅಂಚೇ ಕೂದಲನ್ನು ಕೊಯ್ಯುತ್ತದೆ. ಈಗ ನಾನು ತಲೆಸ್ನಾನದ ದಿನ ಬೆಳಿಗ್ಗೆ ಎಣ್ಣೆ ಹಚ್ಚಿ ಎರಡು ಗಂಟೆ ಬಿಟ್ಟು ತೊಳೆಯುತ್ತೇನೆ. ಮಲಗುವ ಮುನ್ನ ಮುಖವನ್ನು ಸೋಪಿನಿಂದ ತೊಳೆಯುತ್ತೇನೆ. ಕುಷನ್ನನ್ನು ದಿನವೂ, ಪಟ್ಟಿಯನ್ನೂ ಅದರ ಹೊದಿಕೆಯನ್ನೂ ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸೋಪು ಹಾಕಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಎರಡು ಜೊತೆ ಪಟ್ಟಿ ಇದ್ದರೆ ಒಣಗುವವರೆಗೆ ಕಾಯುವ ಪ್ರಮೇಯ ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದೇ ಜಾಗದಲ್ಲಿ ಕೂದಲು ಹೋಗುತ್ತಿದ್ದರೆ ಮಾಸ್ಕಿನ ಬಗೆಯನ್ನೇ ಬದಲಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮೂಗಿನ ಹೊಳ್ಳೆಗೆ ಕೂರುವ ನೇಸಲ್ ಪಿಲ್ಲೋ ಮಾಸ್ಕಿಗೆ ಪಟ್ಟಿಗಳು ಕಡಿಮೆ ಮತ್ತು ತೆಳ್ಳಗಿರುತ್ತವೆ. ಬಾಯಿಯಿಂದ ಉಸಿರಾಡುವವರಿಗೆ, ಹೆಚ್ಚಿನ ಒತ್ತಡ ಬೇಕಾದವರಿಗೆ ಅದು ಸರಿಹೋಗದಿರಬಹುದು, ಆದ್ದರಿಂದ ಸ್ವಂತ ತೀರ್ಮಾನದಿಂದ ಕೊಳ್ಳಬೇಡಿ. ಕೆಲವು ಮಾಸ್ಕ್‌ಗಳ ಕೊಂಡಿಯಲ್ಲಿ ಅಯಸ್ಕಾಂತವಿರುತ್ತದೆ. ಅವು ಕೂದಲಿಗೆ ಬಹಳ ಅನುಕೂಲ, ಆದರೆ ನಿಮಗಾಗಲಿ ಪಕ್ಕದಲ್ಲಿ ಮಲಗುವವರಿಗಾಗಲಿ ಪೇಸ್‌ಮೇಕರ್ ಅಥವಾ ದೇಹದೊಳಗೆ ಅಂಥ ಬೇರೆ ಸಾಧನ ಇದ್ದರೆ ಅವು ಅಪಾಯಕಾರಿ. ತರಿಸುವ ಮೊದಲು ವೈದ್ಯರಿಗೆ ಹೇಳಲೇಬೇಕು.

ಚರ್ಮದ ವೈದ್ಯರನ್ನು ಯಾವಾಗ ನೋಡಬೇಕೆಂದರೆ, ಕೂದಲು ತುಂಡಾಗುವ ಬದಲು ಬುಡಸಮೇತ ಬರುತ್ತಿದ್ದರೆ, ಪಟ್ಟಿಯ ಜಾಗದಲ್ಲಿ ನೋವು, ಕೆಂಪು, ಸಣ್ಣ ಗುಳ್ಳೆ ಇದ್ದರೆ, ಅಥವಾ ಚರ್ಮ ನುಣ್ಣಗೆ ಹೊಳೆಯತೊಡಗಿದ್ದರೆ ತಡಮಾಡಬಾರದು. ಸತತ ಎಳೆತದಿಂದ ಕೂದಲು ಉದುರುವುದನ್ನು ಅವರು ಟ್ರ್ಯಾಕ್ಷನ್ ಅಲೋಪೀಸಿಯಾ ಎನ್ನುತ್ತಾರೆ. ಆರಂಭದಲ್ಲಿ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬುಡವೇ ಸತ್ತು ಮತ್ತೆ ಹುಟ್ಟುವುದಿಲ್ಲ. ಪಟ್ಟಿ ತಾಗದ ಕಡೆಯೂ, ಅಂದರೆ ತಲೆಯ ತುಂಬ ಉದುರುತ್ತಿದ್ದರೆ ಅದಕ್ಕೆ ಮಾಸ್ಕ್ ಕಾರಣವಲ್ಲ. ಆಗ ಥೈರಾಯ್ಡ್ ಮತ್ತು ಕಬ್ಬಿಣಾಂಶದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡಿದರೆ ಕೂದಲೂ ಉದುರುತ್ತದೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಹೆಚ್ಚುತ್ತದೆ. ನಮ್ಮಂಥ ಹೆಂಗಸರು ಎರಡನ್ನೂ ಆಯಾಸ, ವಯಸ್ಸು ಎಂದು ಸುಮ್ಮನೆ ಸಹಿಸಿಕೊಂಡು ಬಿಡುತ್ತೇವೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆದ್ದರಿಂದ ನಾಳೆಯೇ ವ್ಯತ್ಯಾಸ ಕಾಣುವುದಿಲ್ಲ. ಮಗಳು ತಿಂಗಳಿಗೊಮ್ಮೆ ನನ್ನ ಕಿವಿಯ ಹಿಂದಿನ ಆ ಜಾಗದ ಫೋಟೋ ತೆಗೆಯುತ್ತಿದ್ದಳು. ಮೂರನೆಯ ಫೋಟೋದಲ್ಲಿ ಕೂಳೆ ಮಲಗಿತ್ತು, ಒಂದು ವರ್ಷದ ಹೊತ್ತಿಗೆ ಆ ಕೂದಲು ಜಡೆಯ ಮೊದಲ ಹೆಣಿಗೆಗೆ ಸಿಗುವಷ್ಟಾಯಿತು. ನೀವೂ ಇಂದೇ ಒಂದು ಫೋಟೋ ತೆಗೆದಿಡಿ. ರಾತ್ರಿ ಮಲಗಿಕೊಂಡೇ ಪಟ್ಟಿಯನ್ನು ಹೊಸದಾಗಿ ಹೊಂದಿಸಿ, ಬೆಳಿಗ್ಗೆ ಸೋರಿಕೆಯ ಅಂಕಿಯನ್ನೂ ನಿಮ್ಮ ಮಾಸ್ಕಿನ ಪೈಪು ಮುಂದಿನಿಂದ ಹೊರಡುತ್ತದೆಯೋ ನೆತ್ತಿಯಿಂದಲೋ ಎಂಬುದನ್ನೂ ಇದರ ಕೆಳಗೆ ಬರೆಯಿರಿ. ಪಟ್ಟಿಯ ಅಗಲವನ್ನೂ ತಿಳಿಸಿದರೆ ಹೊದಿಕೆಗೆ ಬಟ್ಟೆಯನ್ನು ಯಾವ ಅಳತೆಗೆ ಕತ್ತರಿಸಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.